ಒಡೆಯನ ಹೊಲದಲ್ಲಿ ಒಕ್ಕಲು

ಕ್ರೈಸ್ತರ ಮನೆಗಳ ಕ್ಯಾಲೆಂಡರಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ವಚನ ಬೈಬಲಿನ ಯೆರೆಮೀಯ ಗ್ರಂಥದ 29ನೇ ಅಧ್ಯಾಯದ 11ನೆಯದು. ನಿಮ್ಮ ವಿಷಯದಲ್ಲಿ ನಾನು ಯೋಚಿಸಿರುವುದು ಕೇಡನ್ನಲ್ಲ, ಹಿತವನ್ನೇ. ನಿಮಗೊಂದು ಮುಂದಿನ ದಿನವಿದೆ, ನಿರೀಕ್ಷೆಯಿದೆ ಎಂಬುದು ಅದರ ತಾತ್ಪರ್ಯ. ಪಿಯುಸಿ ಫಲಿತಾಂಶದ ಹಿಂದಿನ ರಾತ್ರಿಯೂ ವೀಸಾ ಸಂದರ್ಶನದ ಬೆಳಿಗ್ಗೆಯೂ ಜನ ಹಿಡಿದುಕೊಳ್ಳುವುದು ಇದನ್ನೇ. ದೇವರ ಬಳಿ ನನ್ನ ಹೆಸರಿನದೇ ಒಂದು ಯೋಜನೆ ಇದೆ, ಅದನ್ನು ಕಂಡುಹಿಡಿಯುವುದೇ ನನ್ನ ಬದುಕಿನ ಉದ್ದೇಶ ಎನ್ನುವ ಪ್ರಸಂಗಗಳೂ ಇದೇ ವಚನದ ಮೇಲೆ ನಿಂತಿವೆ.

ಆದರೆ ಅದು ಒಂದು ಪತ್ರದ ನಡುವಿನ ಸಾಲು. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ಅಧಿಕಾರಿಗಳನ್ನೂ ಕುಶಲಕರ್ಮಿಗಳನ್ನೂ ಸೆರೆಹಿಡಿದು ಬಾಬೆಲಿಗೆ ಒಯ್ದ. ಹಾಗೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ನಮ್ಮ ವಚನಕ್ಕಿಂತ ಮೊದಲು ಏನಿದೆ ನೋಡಿ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿಸಿ, ನಿಮ್ಮನ್ನು ಸೆರೆ ಒಯ್ದಿರುವ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ. 10ನೇ ವಚನ ಲೆಕ್ಕವನ್ನೂ ಹೇಳುತ್ತದೆ, 70 ವರ್ಷ. ಪತ್ರ ಕೇಳಿಸಿಕೊಂಡ ನಡುವಯಸ್ಸಿನವರು ಯಾರೂ ಬದುಕಿ ಊರಿಗೆ ಮರಳುವಂತಿರಲಿಲ್ಲ. ಅದೇ ಕಾಲಕ್ಕೆ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲೇ ನಿಂತು ಸಾರಿದ್ದ. ಜನಕ್ಕೆ ಯಾರ ಮಾತು ರುಚಿಸಿತೆಂದು ಊಹಿಸಬಹುದು. ಗೋಡೆಗೆ ಯೆರೆಮೀಯನ ವಚನ ತಗುಲಿಸಿಕೊಂಡು ಹನನ್ಯನ ಅವಧಿಯನ್ನು ನಿರೀಕ್ಷಿಸುವವರು ಇಂದಿಗೂ ಕಡಿಮೆಯಿಲ್ಲ.

ಆ 70 ವರ್ಷ ಎಲ್ಲಿಂದ ಬಂತು ಎಂಬುದಕ್ಕೆ ಬೈಬಲಿನಲ್ಲೇ ಒಂದು ವಿವರಣೆಯಿದೆ. ಮನುಷ್ಯನನ್ನು ದೇವರು ಭೂಮಿಯ ಮೇಲೆ ಇಟ್ಟದ್ದು ಯಾಕೆ ಎಂಬ ಪ್ರಶ್ನೆಗೆ ಅದರಷ್ಟು ನೇರವಾದ ಉತ್ತರ ಕಡಿಮೆ. ಅಲ್ಲಿಗೆ ಹೋಗಬೇಕಾದರೆ ಆದಿಕಾಂಡದ ಮೂಲಕವೇ ಹೋಗಬೇಕು.

ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಆ ಕಾಲದ ನೆರೆಹೊರೆಯ ಕಥೆಗಳ ಪಕ್ಕದಲ್ಲಿಟ್ಟು ಓದಿದರೆ ಅದರ ಖಾರ ಗೊತ್ತಾಗುತ್ತದೆ. ಮೆಸೊಪೊಟೇಮಿಯಾದ ಅತ್ರಹಸೀಸ್ ಕಾವ್ಯದಲ್ಲಿ ಕೆಳದರ್ಜೆಯ ದೇವತೆಗಳು ಕಾಲುವೆ ತೋಡಿ ತೋಡಿ ಬೇಸತ್ತು ದಂಗೆ ಏಳುತ್ತಾರೆ. ಆಗ ಜೇಡಿಮಣ್ಣಿಗೆ ಒಬ್ಬ ದೇವತೆಯ ರಕ್ತಮಾಂಸ ಕಲಸಿ ಮನುಷ್ಯನನ್ನು ಮಾಡಲಾಗುತ್ತದೆ. ಅವನ ಕೆಲಸ ದೇವತೆಗಳ ಬದಲಿಗೆ ಬುಟ್ಟಿ ಹೊರುವುದು. ಮನುಷ್ಯ ಅಲ್ಲಿ ಬಿಟ್ಟಿ ಆಳು. ಇನ್ನೊಂದು ಕಡೆ, ದೇವರ ಪ್ರತಿರೂಪ ಎಂಬ ಬಿರುದು ಆ ಸೀಮೆಯಲ್ಲಿ ಅರಸನಿಗೆ ಸಲ್ಲುತ್ತಿತ್ತು. ತನ್ನ ಆಳ್ವಿಕೆ ಎಲ್ಲಿಯವರೆಗೆ ಇದೆ ಎಂದು ತೋರಿಸಲು ಅರಸರು ದೂರದ ಪ್ರಾಂತ್ಯಗಳಲ್ಲಿ ತಮ್ಮ ಪ್ರತಿಮೆ ನಿಲ್ಲಿಸುತ್ತಿದ್ದರು. ಆದಿಕಾಂಡ 1:27 ಆ ಬಿರುದನ್ನು ಗಂಡು ಹೆಣ್ಣು ಎನ್ನದೆ ಎಲ್ಲ ಮನುಷ್ಯರಿಗೂ ಹಂಚಿಬಿಡುತ್ತದೆ. ಕುಂಬಾರನೂ ಸೂಲಗಿತ್ತಿಯೂ ಅರಸನೂ ಒಂದೇ ಸಾಲು. ಇಲ್ಲಿ ದೇವರು ತನ್ನ ಹೊಟ್ಟೆಗಾಗಿ ಆಳು ಹುಡುಕುವುದಿಲ್ಲ. ತಾನೇ ತೋಟ ಮಾಡಿ, ಮನುಷ್ಯನಿಗೆ ಊಟ ತೋರಿಸುತ್ತಾನೆ. ಮೊದಲ ಅಧ್ಯಾಯದ 30ನೇ ವಚನದಲ್ಲಿ ಮೃಗಪಕ್ಷಿಗಳಿಗೂ ಹಸುರನ್ನು ಬರೆದುಕೊಡುತ್ತಾನೆ. ಆ ವಚನವನ್ನು ಓದದೆ ದಾಟುವವರೇ ಹೆಚ್ಚು.

ಆಮೇಲೆ ಆದಿಕಾಂಡ 2:15. ಮನುಷ್ಯನನ್ನು ಏದೆನ್ ತೋಟದಲ್ಲಿ ಇರಿಸಿದ್ದು ಅದನ್ನು ವ್ಯವಸಾಯ ಮಾಡುವುದಕ್ಕೆ ಮತ್ತು ಕಾಯುವುದಕ್ಕೆ. ಎರಡು ಕೆಲಸ. ಇದು ಪಾಪ ಪ್ರವೇಶಿಸುವ ಮೊದಲಿನ ಮಾತು ಎಂಬುದನ್ನು ಗಮನಿಸಬೇಕು. ದುಡಿಮೆಯೇ ಶಾಪ ಎಂದು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ, ಅದು ತಪ್ಪು. ಮೂರನೇ ಅಧ್ಯಾಯದಲ್ಲಿ ಶಾಪ ತಗುಲುವುದು ನೆಲಕ್ಕೆ: ಮುಳ್ಳು, ಕಳೆ, ಬೆವರು. ಕೆಲಸ ಅದಕ್ಕಿಂತ ಹಳೆಯದು.

1967ರಲ್ಲಿ ಲಿನ್ ವೈಟ್ ಎಂಬ ಇತಿಹಾಸಕಾರ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಇಂದಿನ ಪರಿಸರ ಸಂಕಟದ ಬೇರು ಪಶ್ಚಿಮದ ಕ್ರೈಸ್ತಧರ್ಮದಲ್ಲಿದೆ ಎಂದರು. ಭೂಮಿಯನ್ನು ವಶಮಾಡಿಕೊಳ್ಳಿ, ದೊರೆತನ ಮಾಡಿ ಎಂಬ ಆದಿಕಾಂಡ 1:28ರ ಮಾತು ಮನುಷ್ಯನಿಗೆ ಕೊಳ್ಳೆ ಹೊಡೆಯಲು ಪರವಾನಗಿ ಕೊಟ್ಟಿತು ಎಂಬುದು ಆ ವಾದದ ಧಾಟಿ. ಕ್ರೈಸ್ತರು ಅಂದಿನಿಂದ ಉತ್ತರ ಕೊಡುತ್ತಲೇ ಇದ್ದಾರೆ. ಹೆಚ್ಚಿನ ಉತ್ತರಗಳು ಸಪ್ಪೆ, ಯಾಕೆಂದರೆ ದೊರೆತನ ಎಂದರೆ ಪ್ರೀತಿ ಎಂದು ಅವು ಬಾಯಲ್ಲಿ ಹೇಳುತ್ತವೆ, ಅಳತೆ ಕೊಡುವುದಿಲ್ಲ. ಇಸ್ರಾಯೇಲ್ಯರಿಗೆ ಮೋಶೆ ಕೊಟ್ಟ ಧರ್ಮಶಾಸ್ತ್ರ ಅಳತೆ ಕೊಡುತ್ತದೆ.

ಅದರ ತಳಪಾಯ ಯಾಜಕಕಾಂಡ 25:23. ಭೂಮಿ ನನ್ನದು, ಅದನ್ನು ಶಾಶ್ವತವಾಗಿ ಮಾರಕೂಡದು, ನೀವು ನನ್ನ ಬಳಿ ಇಳಿದುಕೊಂಡಿರುವ ಪರದೇಶಿಗಳು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಮನುಷ್ಯ ಇಲ್ಲಿ ಒಕ್ಕಲು, ಧಣಿ ಬೇರೆ. ಉಳುವ ಹಕ್ಕು ಪೂರ್ತಿ ಅವನದು, ಫಲ ಅವನದು, ಆದರೆ ನೆಲವನ್ನು ಹಾಳುಗೆಡವುವ ಹಕ್ಕು ಗೇಣಿ ಚೀಟಿಯಲ್ಲಿ ಇಲ್ಲ. ಇದರಿಂದ ಹುಟ್ಟಿದ ಬೆಲೆಕಟ್ಟುವ ಕ್ರಮ ಇಂದಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಂತವರಿಗೆ ವಿಚಿತ್ರ ಅನ್ನಿಸೀತು. 50ನೇ ವರ್ಷ ಜೂಬಿಲಿ. ಅಂದು ಜಮೀನು ಮೂಲ ಕುಟುಂಬಕ್ಕೆ ವಾಪಸ್ಸು. ಹಾಗಾಗಿ ಯಾರಾದರೂ ಕಷ್ಟಕ್ಕೆ ಹೊಲ ಮಾರಿದರೆ, ಜೂಬಿಲಿಗೆ ಎಷ್ಟು ವರ್ಷ ಉಳಿದಿದೆ ಎಂದು ಎಣಿಸಿ ಬೆಲೆ ಕಟ್ಟಬೇಕು. 30 ವರ್ಷ ಉಳಿದಿದ್ದರೆ ಹೆಚ್ಚು, 10 ಉಳಿದಿದ್ದರೆ ಅದರ ಮೂರನೇ ಒಂದು ಪಾಲಿನಷ್ಟು. ಕಾರಣವನ್ನೂ 16ನೇ ವಚನ ಕೊಡುತ್ತದೆ: ಅವನು ಮಾರುತ್ತಿರುವುದು ಬೆಳೆಗಳ ಸಂಖ್ಯೆಯನ್ನು. ನಡುವೆ ಹತ್ತಿರದ ಬಂಧು ಹಣ ಕೊಟ್ಟು ಬಿಡಿಸಿಕೊಳ್ಳಬಹುದು. ಕೋಟೆಯೊಳಗಿನ ಮನೆಗೆ ಮಾತ್ರ ನಿಯಮ ಬೇರೆ; ಅದನ್ನು ಬಿಡಿಸಿಕೊಳ್ಳಲು ಒಂದು ವರ್ಷ ಗಡುವು, ತಪ್ಪಿದರೆ ಕೊಂಡವನಿಗೇ ಖಾಯಂ. ಮನೆಯನ್ನು ಸರಕಾಗಿ ಕಾಣಬಹುದು, ಅನ್ನ ಕೊಡುವ ನೆಲವನ್ನು ಹಾಗೆ ಕಾಣಬಾರದು ಎಂಬ ಭೇದ ಅದರಲ್ಲಿದೆ.

ಏಳನೇ ವರ್ಷ ನೆಲಕ್ಕೆ ರಜೆ. ಬಿತ್ತನೆ ಇಲ್ಲ, ದ್ರಾಕ್ಷಿ ಬಳ್ಳಿ ಕತ್ತರಿಸುವಂತಿಲ್ಲ. ತಾನಾಗಿ ಬೆಳೆದದ್ದು ಬಡವರಿಗೆ, ಅವರು ಬಿಟ್ಟದ್ದು ಕಾಡುಮೃಗಗಳಿಗೆ ಎಂದು ವಿಮೋಚನಕಾಂಡ 23 ಹೇಳುತ್ತದೆ. ಹಾಗಾದರೆ ಏಳನೇ ವರ್ಷ ಏನು ತಿನ್ನುವುದು? ಈ ಪ್ರಶ್ನೆಯನ್ನು ಯಾಜಕಕಾಂಡವೇ ರೈತನ ಬಾಯಲ್ಲಿ ಕೇಳಿಸುತ್ತದೆ. ಉತ್ತರ: ಆರನೇ ವರ್ಷದ ಬೆಳೆ ಮೂರು ವರ್ಷಕ್ಕೆ ಬರುತ್ತದೆ, ಎಂಟನೆಯದರಲ್ಲಿ ಬಿತ್ತಿ ಒಂಬತ್ತನೆಯದರ ಫಸಲು ಕೈಸೇರುವವರೆಗೂ ಹಳೆಯ ಧಾನ್ಯ ಉಣ್ಣುವಿರಿ. ಇದು ಕಾಗದದ ಮೇಲಿನ ಆದರ್ಶವಾಗಿ ಮಾತ್ರ ಉಳಿಯಲಿಲ್ಲ. ಕಥೋಲಿಕ ಬೈಬಲಿನಲ್ಲಿರುವ ಮಕ್ಕಬಿಯರ ಮೊದಲ ಗ್ರಂಥದ 6ನೇ ಅಧ್ಯಾಯದಲ್ಲಿ ಬೇತ್‌ಸೂರ್ ಕೋಟೆ ಮುತ್ತಿಗೆಗೆ ಸಿಕ್ಕಾಗ ಒಳಗೆ ದವಸವಿಲ್ಲದೆ ಶರಣಾಗಬೇಕಾಗುತ್ತದೆ; ಅದು ನೆಲದ ವಿಶ್ರಾಂತಿಯ ವರ್ಷವಾಗಿತ್ತು ಎಂದು ಗ್ರಂಥ ಸ್ಪಷ್ಟವಾಗಿ ಬರೆಯುತ್ತದೆ. ಪಾಲಿಸಿದ್ದಕ್ಕೆ ತೆತ್ತ ಬೆಲೆ ಅದು. ದೇವರ ಮಾತು ಕೇಳಿದರೆ ನಷ್ಟವೇ ಇಲ್ಲ ಎನ್ನುವ ಪ್ರಸಂಗಕಾರರು ಈ ಪುಟವನ್ನು ಓದುವುದು ಒಳ್ಳೆಯದು.

ಪಾಲಿಸದೆ ಹೋದರೆ? ಯಾಜಕಕಾಂಡ 26 ಮೊದಲೇ ಎಚ್ಚರಿಸುತ್ತದೆ: ನೀವು ಕೊಡದ ರಜೆಯನ್ನು ನೀವು ಸೆರೆಯಲ್ಲಿರುವಾಗ ನೆಲ ತಾನೇ ಪಡೆದುಕೊಳ್ಳುತ್ತದೆ. ಪೂರ್ವಕಾಲವೃತ್ತಾಂತದ ಎರಡನೇ ಪುಸ್ತಕದ ಕೊನೆಯಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಯೆರೂಸಲೇಮು ಸುಟ್ಟುಹೋಗಿ ಜನ ಬಾಬೆಲಿಗೆ ಹೋದರು, ನೆಲ ತನ್ನ ಸಬ್ಬತ್ (ವಿಶ್ರಾಂತಿಯ) ವರ್ಷಗಳನ್ನು ತೀರಿಸಿಕೊಂಡಿತು, 70 ವರ್ಷ ತುಂಬುವ ತನಕ ಅದು ಹಾಳುಬಿದ್ದು ವಿಶ್ರಮಿಸಿತು, ಯೆರೆಮೀಯ ನುಡಿದದ್ದು ಹೀಗೆ ನೆರವೇರಿತು ಎಂದು ಅಲ್ಲಿದೆ. ಏಳಕ್ಕೊಂದರಂತೆ 70 ರಜೆ ಬಾಕಿ ಎಂದರೆ 490 ವರ್ಷದ ಬೇಸಾಯ. ಕ್ಯಾಲೆಂಡರಿನ ಆ ಸಿಹಿ ವಚನದ ಹಿಂದೆ ನೆಲಕ್ಕೆ ಸಲ್ಲಬೇಕಿದ್ದ ಇಷ್ಟು ದೊಡ್ಡ ಬಾಕಿ ನಿಂತಿದೆ. ಮನುಷ್ಯನನ್ನು ಇರಿಸಿದ್ದು ಯಾಕೆ ಎಂಬ ಪ್ರಶ್ನೆಯೂ, ಅವನನ್ನು ಕಿತ್ತು ಬೇರೆಡೆಗೆ ಒಯ್ದದ್ದು ಯಾಕೆ ಎಂಬ ಪ್ರಶ್ನೆಯೂ ಒಂದೇ ಹೊಲದಲ್ಲಿ ಸೇರುತ್ತವೆ.

ಇನ್ನು ಹೊಲದ ಅಂಚು. ಯಾಜಕಕಾಂಡ 19:9ರ ಪ್ರಕಾರ ಮೂಲೆಯವರೆಗೂ ಕೊಯ್ಯಬಾರದು, ಉದುರಿದ ತೆನೆ ಹೆಕ್ಕಬಾರದು. ಧರ್ಮೋಪದೇಶಕಾಂಡ 24 ಇನ್ನೂ ಮೂರು ಸೇರಿಸುತ್ತದೆ: ಮರೆತುಬಂದ ಸಿವುಡನ್ನು ತರಲು ಹಿಂತಿರುಗಬಾರದು, ಎಣ್ಣೆಮರವನ್ನು ಬಡಿದ ಮೇಲೆ ಕೊಂಬೆಗಳನ್ನು ಮತ್ತೆ ಜಾಲಾಡಬಾರದು, ದ್ರಾಕ್ಷಿಯನ್ನು ಎರಡನೇ ಸಲ ಆಯಬಾರದು. ಅದೆಲ್ಲ ಪರದೇಶಿಗೆ, ತಂದೆಯಿಲ್ಲದವನಿಗೆ, ವಿಧವೆಗೆ. ಮೂಲೆ ಎಂದರೆ ಎಷ್ಟು ಎಂದು ಧರ್ಮಶಾಸ್ತ್ರ ಹೇಳಲಿಲ್ಲ. ಮುಂದೆ ಯೆಹೂದಿ ಗುರುಗಳು ಮಿಶ್ನಾ ಎಂಬ ತಮ್ಮ ಧರ್ಮನಿಯಮಗಳ ಸಂಗ್ರಹದಲ್ಲಿ ಹೊಲದ 60ರಲ್ಲಿ ಒಂದು ಪಾಲಿಗೆ ಕಡಿಮೆಯಿರಬಾರದು ಎಂದು ಕೆಳಮಿತಿ ಇಟ್ಟರು. ಈ ಏರ್ಪಾಟಿನ ಜಾಣ್ಮೆ ಇರುವುದು ಕೊಡುವ ವಿಧಾನದಲ್ಲಿ. ಯಜಮಾನ ಕೊಯ್ದು ಚೀಲ ತುಂಬಿ ಜಗಲಿಯಲ್ಲಿ ನಿಂತು ಹಂಚುವುದಿಲ್ಲ. ಬಡವ ತಾನೇ ಹೊಲಕ್ಕೆ ಬಂದು ಕೊಯ್ದುಕೊಳ್ಳುತ್ತಾನೆ. ಅವನಿಗೂ ವ್ಯವಸಾಯದ ಪಾಲು ಸಿಕ್ಕಿತು, ಕೈ ಚಾಚುವ ಅವಮಾನ ತಪ್ಪಿತು. ಫೋಟೋ ಹೊಡೆಸಿಕೊಂಡು ದಿನಸಿ ಕಿಟ್ ಹಂಚುವ ನಮ್ಮ ಕಾಲದ ಸೇವೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು.

ಮೋವಾಬ್ ದೇಶದಿಂದ ಬಂದ ವಿಧವೆ ರೂತಳು ಬೇತ್ಲೆಹೇಮಿನಲ್ಲಿ ಬದುಕಿಕೊಂಡದ್ದು ಈ ಕಾನೂನಿನ ಮೇಲೆಯೇ. ಸಂಜೆಯವರೆಗೆ ಹಕ್ಕಲಾಯ್ದು, ಬಡಿದು ನೋಡಿದಾಗ ಸುಮಾರು ಒಂದು ಏಫಾ ಜವೆಗೋಧಿ ಸಿಕ್ಕಿತು. ಏಫಾ ಎಂದರೆ ಹೆಚ್ಚುಕಡಿಮೆ 22 ಲೀಟರ್. ಬೆಂಗಳೂರಿನ ಮನೆಗಳಿಗೆ ಬರುವ ನೀರಿನ ಕ್ಯಾನಿನಲ್ಲಿ ಹಿಡಿಸದೆ ತುಸು ಮಿಗುವಷ್ಟು. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ದೇವರು ಕೊಟ್ಟ ಆಹಾರ ಮನ್ನ ಒಬ್ಬರಿಗೆ ದಿನಕ್ಕೆ ಒಂದು ಓಮೆರ್, ಅಂದರೆ ಏಫಾದ ಹತ್ತನೇ ಒಂದು ಪಾಲು, ಸಿಗುತ್ತಿತ್ತು. ಆ ಲೆಕ್ಕದಲ್ಲಿ ರೂತಳ ಒಂದು ದಿನದ ಹಕ್ಕಲು ಹತ್ತು ಜನರ ಪಡಿ. ಇಷ್ಟೊಂದು ಸಿಕ್ಕಿದ್ದಕ್ಕೆ ಕಾರಣವೂ ಇದೆ: ಕಟ್ಟಿದ ಸಿವುಡಿನಿಂದಲೇ ಅಷ್ಟಿಷ್ಟು ತೆನೆ ಎಳೆದು ಅವಳ ದಾರಿಯಲ್ಲಿ ಬೀಳಿಸಿ ಎಂದು ಹೊಲದ ಯಜಮಾನ ಬೋವಜ ಆಳುಗಳಿಗೆ ಹೇಳಿದ್ದ.

ಈ ಏರ್ಪಾಟು ಕೆಡುವುದು ಹೇಗೆ ಎಂಬುದಕ್ಕೆ ಪ್ರವಾದಿ ಆಮೋಸನ ಗ್ರಂಥದ 8ನೇ ಅಧ್ಯಾಯಕ್ಕಿಂತ ಒಳ್ಳೆಯ ವರದಿ ಇಲ್ಲ. ಸಬ್ಬತ್ ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆರೆದೇವು ಎಂದು ವ್ಯಾಪಾರಿಗಳು ಚಡಪಡಿಸುತ್ತಾರೆ. ಅಳೆಯುವ ಏಫಾ ಕಿರಿದು, ಹಣ ತೂಗುವ ಕಲ್ಲು ಹಿರಿದು, ತಕ್ಕಡಿ ಕಳ್ಳ. ಕೊನೆಗೆ ಗೋಧಿಯ ಕಸವನ್ನೂ ಗುಡಿಸಿ ಮಾರುತ್ತಾರೆ. ನೆಲಕ್ಕೆ ಉದುರಿದ್ದು ಬಡವನಿಗೆ ಬಿಡಬೇಕಾದ್ದು. ಅದನ್ನೇ ಅವನಿಗೆ ದುಡ್ಡಿಗೆ ಮಾರುವ ಹಂತ ತಲುಪಿದ್ದಾರೆ. ವಿಶ್ರಾಂತಿ ಸಹಿಸದವನ ಕೈಯಲ್ಲೇ ಸುಳ್ಳು ಅಳತೆ ಇದೆ ಎಂಬುದನ್ನು ಪ್ರವಾದಿ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಯೆಶಾಯ 5 ಇನ್ನೊಂದು ಬಗೆಯ ಕೇಡನ್ನು ಎಣಿಸುತ್ತದೆ. ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸುತ್ತಾ ಹೋಗಿ ಊರಲ್ಲಿ ಬೇರೆ ಯಾರಿಗೂ ಜಾಗವಿಲ್ಲದಂತೆ ಮಾಡಿದವರಿಗೆ ಬರುವ ಫಸಲು: ಒಂದು ಹೋಮೆರ್ ಬೀಜಕ್ಕೆ ಒಂದು ಏಫಾ. ಹೋಮೆರ್ ಹತ್ತು ಏಫಾಗಳಿಗೆ ಸಮ. ಹತ್ತು ಬಿತ್ತಿ ಒಂದು ಕೊಯ್ಯುವ ಬೇಸಾಯ.

ಹೊಲವೇ ಇಲ್ಲದವರಿಗೆ ಇದೆಲ್ಲ ಹೇಗೆ ಸಂಬಂಧ? ವಾರದ ವಿಶ್ರಾಂತಿಯಿಂದ ಶುರು ಮಾಡಬಹುದು. ವಿಮೋಚನಕಾಂಡ 20:10ರ ಪಟ್ಟಿ ನೋಡಿ: ನೀನು, ಮಗ, ಮಗಳು, ಗಂಡಾಳು, ಹೆಣ್ಣಾಳು, ಪಶು, ಊರೊಳಗಿನ ಪರದೇಶಿ. ರಜೆ ಯಜಮಾನನಿಗೆ ಎಂದು ಹೇಳಿ ನಿಲ್ಲುವುದಿಲ್ಲ, ಎತ್ತಿನವರೆಗೆ ಇಳಿಯುತ್ತದೆ. ಧರ್ಮೋಪದೇಶಕಾಂಡ 5 ಕಾರಣವನ್ನೂ ಕೊಡುತ್ತದೆ, ನೀನೂ ಐಗುಪ್ತದಲ್ಲಿ ಆಳಾಗಿದ್ದೆ. ನಮ್ಮ ಭಾನುವಾರಗಳು ಈ ಪಟ್ಟಿಯ ಮುಂದೆ ನಿಲ್ಲುವುದು ಕಷ್ಟ. ಬೆಳಿಗ್ಗೆ ಎರಡು ಆರಾಧನೆ, ಮಧ್ಯಾಹ್ನ ಯುವಜನರ ಕೂಟ, ಸಂಜೆ ಗಾಯನ ಅಭ್ಯಾಸ. ಆರಾಧನೆ ಮುಗಿಸಿ ಬಂದವರಿಗೆ ಬಿರಿಯಾನಿ ಬೇಯಿಸುವ ಹೆಂಗಸರಿಗೆ ವಾರದಲ್ಲೇ ಅತಿ ದಣಿವಿನ ದಿನ ಅದು. ಮನೆಗೆಲಸದವಳಿಗೆ ಭಾನುವಾರ ರಜೆ ಕೊಡುವುದಿಲ್ಲ, ನೆಂಟರು ಬರುತ್ತಾರಲ್ಲ. ವಿಶ್ರಾಂತಿಯನ್ನು ಅಳೆಯಬೇಕಾದದ್ದು ಪಟ್ಟಿಯ ಕೊನೆಯ ಹೆಸರಿನಿಂದ.

ದುಡಿಮೆಯ ಕಡೆಗೆ ಬಂದರೆ, ದೇವರ ಆತ್ಮದಿಂದ ತುಂಬಿದವನು ಎಂದು ಬೈಬಲ್ ಹೆಸರಿಟ್ಟು ಹೇಳುವ ಮೊದಲಿಗರಲ್ಲಿ ಒಬ್ಬ ಬೆಚಲೇಲ. ಯಾಜಕನಲ್ಲ, ಪ್ರವಾದಿಯಲ್ಲ, ಚಿನ್ನ ಬೆಳ್ಳಿ ತಾಮ್ರದ ಕೆಲಸ, ರತ್ನ ಕೆತ್ತನೆ, ಮರಗೆಲಸ ಬಲ್ಲವನು. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಮಠಗಳಿಗೆ ಬರೆದ 73 ಅಧ್ಯಾಯಗಳ ನಿಯಮಾವಳಿಯಲ್ಲಿ 31ನೆಯದು ಉಗ್ರಾಣಿಕನ ಬಗ್ಗೆ. ಮಠದ ಪಾತ್ರೆಪಗಡ, ಸಲಕರಣೆಗಳನ್ನೆಲ್ಲ ಅವನು ಬಲಿಪೀಠದ ಪವಿತ್ರ ಪಾತ್ರೆಗಳೆಂಬಂತೆ ನೋಡಿಕೊಳ್ಳಬೇಕು. ಗುದ್ದಲಿಗೂ ಪೂಜಾಪಾತ್ರೆಗೂ ಒಂದೇ ಮರ್ಯಾದೆ. ಮಾರ್ಟಿನ್ ಲೂಥರ್ 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತ, ಮಗುವಿನ ಹೊಲಸು ಬಟ್ಟೆ ಒಗೆಯುವ ಅಪ್ಪನನ್ನು ಕಂಡು ಊರು ನಕ್ಕರೂ ದೇವರು ತನ್ನ ದೂತರೊಂದಿಗೆ ಮೆಚ್ಚಿ ನಗುತ್ತಾನೆ ಎಂದ. ಬೋಧಕನ ಕೆಲಸವೇ ದೇವರ ಕೆಲಸ, ಬ್ಯಾಂಕಿನವನದು ಹೊಟ್ಟೆಪಾಡು ಎಂಬ ಮೇಲುಕೀಳು ಇವರ್ಯಾರಿಗೂ ಒಪ್ಪಿಗೆಯಾಗುತ್ತಿರಲಿಲ್ಲ.

ಕನ್ನಡ ನಾಡಿನಲ್ಲಿ ಈ ದೇವಶಾಸ್ತ್ರ ಕಾರ್ಖಾನೆಯ ರೂಪ ತಳೆದದ್ದು ಮಂಗಳೂರಿನಲ್ಲಿ. 1834ರಲ್ಲಿ ಬಂದಿಳಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರಿಗೆ ಬೇಗನೆ ಎದುರಾದ ತೊಡಕು, ಕ್ರೈಸ್ತರಾದವರು ಕುಲಕಸುಬನ್ನೂ ಉಳುಮೆಯ ನೆಲವನ್ನೂ ಕಳೆದುಕೊಂಡು ಬರಿಗೈಯಲ್ಲಿ ನಿಂತದ್ದು. ನೇಯ್ಗೆ, ಮುದ್ರಣ ಶುರುವಾದವು; 1865ರಲ್ಲಿ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ನದಿದಂಡೆಯ ಜೇಡಿಮಣ್ಣನ್ನು ಹದಮಾಡಿ, ಒತ್ತಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಟ್ಟ ಆ ಹೆಂಚು ಕರಾವಳಿಯ ಮಳೆಗೆ ಉತ್ತರವಾಯಿತು. ಏದೆನ್ ತೋಟದ ಎರಡು ಕೆಲಸಗಳಲ್ಲಿ ವ್ಯವಸಾಯದ ಅರ್ಧ ಚೆನ್ನಾಗಿಯೇ ನಡೆಯಿತು. ಕಾಯುವ ಅರ್ಧ? ಗೂಡುಗಳು ಉರಿದದ್ದು ಸೌದೆಯಿಂದ. ಮಣ್ಣು ಬಗೆದ ದಂಡೆ, ಸೌದೆ ಕಡಿದ ಗುಡ್ಡ ಯಾರ ಲೆಕ್ಕದ ಪುಸ್ತಕಕ್ಕೂ ಬರಲಿಲ್ಲ. ಇನ್ನೊಂದು ತೊಡಕು, ಕೂಲಿ ಕೊಡುವವರೂ ಉಪದೇಶ ಮಾಡುವವರೂ ಒಂದೇ ಬಳಗವಾದದ್ದು. ಹಾಗಾದಾಗ ಆಳಿನ ನಂಬಿಕೆ ಎಷ್ಟು, ಅನಿವಾರ್ಯ ಎಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. ಸದುದ್ದೇಶದ ಸಂಸ್ಥೆಗಳು ಇವತ್ತಿಗೂ ಎಡವುವುದು ಇಲ್ಲೇ.

ಮೊದಲ ಫಲವನ್ನು ಮೊದಲು ಒಡೆಯನಿಗೆ ತೋರಿಸುವ ಪದ್ಧತಿ ಮಾತ್ರ ಅದೇ ಕರಾವಳಿಯ ಕಥೋಲಿಕರಲ್ಲಿ ಗಟ್ಟಿಯಾಗಿ ಉಳಿದಿದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಮೇರಿಮಾತೆಯ ಜನ್ಮದಿನದ ಹಬ್ಬ) ದಿನ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಕಾಳನ್ನು ಸುಲಿದು, ಪುಡಿಮಾಡಿ, ಹಾಲಿಗೆ ಬೆರೆಸಿ ಎಲ್ಲರೂ ಸ್ವಲ್ಪ ಸ್ವಲ್ಪ ಹಂಚಿಕೊಂಡ ನಂತರವೇ ಹೊಸ ಅಕ್ಕಿಯ ಊಟ. ಅಂದು ಮೀನು ಮಾಂಸ ಇಲ್ಲ. ಯಾಜಕಕಾಂಡ 23:14ರಲ್ಲಿರುವುದೂ ಇದೇ ಕ್ರಮ: ಪ್ರಥಮಫಲದ ಸಿವುಡನ್ನು ಅರ್ಪಿಸುವ ತನಕ ಹೊಸ ಧಾನ್ಯದ ರೊಟ್ಟಿಯನ್ನಾಗಲಿ ಹುರಿದ ಕಾಳನ್ನಾಗಲಿ ಬಾಯಿಗೆ ಹಾಕಬಾರದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಮನುಷ್ಯ ಇರುವುದು ಕೃಷಿಗೆ, ಕಾವಲಿಗೆ ಎಂದರೆ ಹಾಸಿಗೆ ಹಿಡಿದವರ, ಮರೆವಿನ ಕಾಯಿಲೆಯವರ, ನಡೆಯಲಾಗದೆ ಹುಟ್ಟಿದ ಮಗುವಿನ ಗತಿಯೇನು? ಆದಿಕಾಂಡದ ಕ್ರಮದಲ್ಲಿ ಇದಕ್ಕೆ ಉತ್ತರವಿದೆ. ದೇವರ ಸ್ವರೂಪ 27ನೇ ವಚನದಲ್ಲಿ ಸಿಗುತ್ತದೆ, ಕೆಲಸ 28ರಲ್ಲಿ. ಆರನೇ ದಿನ ಸೃಷ್ಟಿಯಾದ ಮನುಷ್ಯ ಕಂಡ ಮೊದಲ ಪೂರ್ತಿ ದಿನ ಏಳನೆಯದು, ದೇವರು ವಿಶ್ರಮಿಸಿದ ದಿನ; ಇನ್ನೂ ಒಂದು ಗುಂಡಿ ತೋಡದವನು ಆ ವಿಶ್ರಾಂತಿಗೆ ಪಾಲುದಾರನಾದ. 1647ರ ವೆಸ್ಟ್‌ಮಿನ್‌ಸ್ಟರ್ ಸಂಕ್ಷಿಪ್ತ ಪ್ರಶ್ನೋತ್ತರಿ ಎಂಬ ಕ್ರೈಸ್ತ ಬೋಧನೆಯ ಪುಸ್ತಕ ಮನುಷ್ಯನ ಮುಖ್ಯ ಗುರಿ ದೇವರನ್ನು ಮಹಿಮೆಪಡಿಸುವುದು ಮತ್ತು ಎಂದೆಂದಿಗೂ ಆತನಲ್ಲಿ ಆನಂದಿಸುವುದು ಎಂದು ಮೊದಲ ಉತ್ತರದಲ್ಲೇ ಹೇಳುತ್ತದೆ. ಎರಡನೇ ಭಾಗಕ್ಕೆ ಮೈಯಲ್ಲಿ ಕಸುವು ಬೇಕಾಗಿಲ್ಲ. ಲೂಕನ ಸುವಾರ್ತೆಯಲ್ಲಿ 84ರ ವಿಧವೆ ಅನ್ನಳ ಕೆಲಸ ಉಪವಾಸ ಮತ್ತು ಪ್ರಾರ್ಥನೆ. ಕೂಸಾಗಿ ಬಂದ ಯೇಸುವನ್ನು ಗುರುತಿಸಿದವರಲ್ಲಿ ಅವಳೂ ಒಬ್ಬಳು.

ಅಂಥವರನ್ನು ನೋಡಿಕೊಳ್ಳುವುದು ಮಾತ್ರ ಕಸುವಿದ್ದವರ ತೋಟದ ಕೆಲಸಕ್ಕೆ ಸೇರಿದ್ದು, ಮೊದಲ ಸಭೆಗಳು ಅದಕ್ಕೂ ಪಟ್ಟಿ ಬರೆದುಕೊಂಡವು. ತಿಮೊಥೆಯನಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಅದರ ನಿಯಮಗಳಿವೆ. ವಿಧವೆಗೆ ಮಕ್ಕಳು ಮೊಮ್ಮಕ್ಕಳು ಇದ್ದರೆ ಮೊದಲ ಹೊಣೆ ಅವರದು. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ. ಯಾರೂ ಇಲ್ಲದವಳಾಗಿ, 60 ವರ್ಷ ತುಂಬಿದ್ದರೆ ಅವಳ ಹೆಸರು ಪಟ್ಟಿಗೆ ಬರಬೇಕು. ಅನುಕೂಲವಿದ್ದವರು ತಮ್ಮವರ ಭಾರವನ್ನು ಸಭೆಯ ಮೇಲೆ ಹಾಕಬಾರದು, ಹಾಗೆ ಮಾಡಿದರೆ ನಿಜವಾಗಿ ದಿಕ್ಕಿಲ್ಲದವರಿಗೆ ಕೊಡಲು ಸಭೆಯ ಬಳಿ ಏನೂ ಉಳಿಯುವುದಿಲ್ಲ.